ರಿಮೋಟ್ ಲಿಸನರ್‌ಗಳು ಸಾಯದಂತೆ ನಾನು ನೋಡಿಕೊಂಡ ಬಗೆ

ಬೆಳಿಗ್ಗೆ ಚಾಲೂ ಮಾಡಿದ ಕ್ಲೈಂಟ್‌ನ ಪರದೆ ತೆರೆದೇ ಇರುತ್ತಿತ್ತು, ಬಟನ್‌ಗಳೆಲ್ಲ ಕೆಲಸ ಮಾಡುತ್ತಿದ್ದವು, ಆದರೆ ಮಧ್ಯಾಹ್ನದ ಹೊತ್ತಿಗೆ ಸರ್ವರ್‌ನಿಂದ ಇವೆಂಟ್‌ಗಳು ಬರುವುದು ನಿಂತುಹೋಗಿರುತ್ತಿತ್ತು, ಅಂದರೆ ಅವನ್ನು ಸ್ವೀಕರಿಸಲು ಕ್ಲೈಂಟ್‌ನಲ್ಲಿಟ್ಟ ಆಬ್ಜೆಕ್ಟಾದ ಲಿಸನರ್ ಸತ್ತಿರುತ್ತಿತ್ತು. ಸರ್ವರ್ ಲಾಗ್‌ನಲ್ಲಿ ‘ನೋ ಸಚ್ ಆಬ್ಜೆಕ್ಟ್ ಇನ್ ಟೇಬಲ್’ ಎಂಬ ಒಂದೇ ಸಾಲು ಕಾಣುತ್ತಿತ್ತು. ಆರ್‌ಎಂಐ (ಒಂದು ಜಾವಾ ಪ್ರೋಗ್ರಾಂ ಬೇರೆ ಯಂತ್ರದ ಆಬ್ಜೆಕ್ಟನ್ನು ಕರೆಯುವ ವ್ಯವಸ್ಥೆ) ಕಾಲ್‌ಬ್ಯಾಕ್‌ಗಳನ್ನು, ಅಂದರೆ ಸರ್ವರ್ ಕ್ಲೈಂಟ್‌ನ ಲಿಸನರನ್ನು ಕರೆಯುವುದನ್ನು, ಕೈಬಿಟ್ಟು ನಡುವೆ ನಿಂತು ಸಂದೇಶ ತಲುಪಿಸುವ ಮೆಸೇಜ್ ಬ್ರೋಕರ್ ತರೋಣವೆಂದು ತಂಡದ ಹಿರಿಯರು ಪಟ್ಟು ಹಿಡಿದಿದ್ದರು. ಅದರ ವಾರ್ಷಿಕ ಲೈಸೆನ್ಸ್ ಮತ್ತು ಎರಡು ಹೆಚ್ಚುವರಿ ಯಂತ್ರಗಳ ಖರ್ಚು ಸೇರಿದರೆ ಒಬ್ಬ ಎಂಜಿನಿಯರ್‌ನ ಐದಾರು ತಿಂಗಳ ಸಂಬಳವಾಗುತ್ತಿತ್ತು. ನಾನು ಮೂರು ವಾರಗಳ ಅವಕಾಶ ಕೇಳಿ ಐದು ವಾರ ತೆಗೆದುಕೊಂಡೆ. ಅದಾದ ಮೇಲೆ ಸುಮಾರು 14 ತಿಂಗಳಲ್ಲಿ ನಮ್ಮ 60ಕ್ಕೂ ಹೆಚ್ಚು ಕ್ಲೈಂಟ್‌ಗಳ ಪೈಕಿ ಒಂದರ ಲಿಸನರ್ ಕೂಡ ಹೀಗೆ ಸತ್ತಿಲ್ಲ.

ಮೊದಲ ಎರಡು ವಾರಗಳು ನನ್ನದೇ ತಪ್ಪಿನಿಂದ ವ್ಯರ್ಥವಾದವು. ಡಿಜಿಸಿ (ಬೇರೆ ಯಂತ್ರದವರು ಬಳಸುವ ಆಬ್ಜೆಕ್ಟ್‌ಗಳ ಮೆಮೊರಿ ನೋಡಿಕೊಳ್ಳುವ ಆರ್‌ಎಂಐನ ಭಾಗ) ಕೊಡುವ ಲೀಸ್‌ನ, ಅಂದರೆ ಆಬ್ಜೆಕ್ಟನ್ನು ಉಳಿಸಿಕೊಳ್ಳುವ ಗಡುವಿನ, ಅವಧಿ ಬದಲಿಸದಿದ್ದರೆ 10 ನಿಮಿಷವೇ ಆಗಿರುವುದರಿಂದ ಅದನ್ನು ಒಂದು ಗಂಟೆಗೆ ಏರಿಸಿದರೆ ಸಾಕೆಂದು ಭಾವಿಸಿ ‘ಜಾವಾ.ಆರ್‌ಎಂಐ.ಡಿಜಿಸಿ.ಲೀಸ್‌ವ್ಯಾಲ್ಯೂ’ ಬೆಲೆಯನ್ನು ಸರ್ವರ್‌ನಲ್ಲಿ ಬದಲಿಸುತ್ತ ಕುಳಿತೆ. ಆದರೆ ಲೀಸ್ ಕೊಡುವುದು ಆಬ್ಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿದ (ಹೊರಗಿನ ಕರೆಗಳಿಗೆ ತೆರೆದಿಟ್ಟ) ಜೆವಿಎಂ, ಅಂದರೆ ಜಾವಾ ಪ್ರೋಗ್ರಾಂ ಓಡುವ ಪರಿಸರ. ಕಾಲ್‌ಬ್ಯಾಕ್‌ನಲ್ಲಿ ಆ ಜೆವಿಎಂ ಇರುವುದು ಕ್ಲೈಂಟ್‌ನಲ್ಲಿ, ಸರ್ವರ್ ಅಲ್ಲಿ ಬರೀ ಲೀಸ್ ಪಡೆಯುವ ಪಕ್ಷ. ಅದಕ್ಕಿಂತ ದೊಡ್ಡ ದೋಷವೆಂದರೆ, ನಮ್ಮ ಕೋಡ್ ಲಿಸನರನ್ನು ಒಂದು ಮೆಥಡ್‌ನ ಒಳಗೆ ಸೃಷ್ಟಿಸಿ, ಎಕ್ಸ್‌ಪೋರ್ಟ್ ಮಾಡಿ, ಅದನ್ನು ದೂರದಿಂದ ಕರೆಯಲು ಬಳಸುವ ಪ್ರತಿನಿಧಿಯಾದ ಸ್ಟಬ್ಬನ್ನು ಸರ್ವರ್‌ಗೆ ಕಳಿಸಿ ಮರೆತುಬಿಡುತ್ತಿತ್ತು. ಆರ್‌ಎಂಐ ತನ್ನ ಟೇಬಲ್‌ನಲ್ಲಿ ಅದಕ್ಕೆ ಇಟ್ಟುಕೊಳ್ಳುವುದು ವೀಕ್ ರೆಫರೆನ್ಸ್ (ಆಬ್ಜೆಕ್ಟನ್ನು ತಾನಾಗಿ ಮೆಮೊರಿಯಲ್ಲಿ ಉಳಿಸದ ಕೊಂಡಿ) ಮಾತ್ರ. ಲೀಸ್ ಜೀವಂತವಿರುವವರೆಗೆ ಅದು ಉಳಿಯುತ್ತದೆ, ನೆಟ್‌ವರ್ಕ್ ಕಡಿದು ಲೀಸ್ ಮುಗಿದ ನಂತರ ನಡೆಯುವ ಗಾರ್ಬೇಜ್ ಕಲೆಕ್ಷನ್‌ನಲ್ಲಿ (ಜಿಸಿ, ಬೇಡದ ಆಬ್ಜೆಕ್ಟ್‌ಗಳನ್ನು ಮೆಮೊರಿಯಿಂದ ತೆಗೆಯುವುದು) ಹೋಗಿಬಿಡುತ್ತದೆ. ಕ್ಲೈಂಟ್ ಮುಗಿಯುವವರೆಗೂ ಬದುಕುವ ಒಂದು ಆಬ್ಜೆಕ್ಟ್‌ನ ಫೀಲ್ಡ್‌ನಲ್ಲಿ ಲಿಸನರನ್ನು ಹಿಡಿದಿಟ್ಟುಕೊಂಡ ಕೂಡಲೇ, ಲೀಸ್ ಮುಗಿದರೂ ಹಳೆಯ ಸ್ಟಬ್ ಮತ್ತೆ ಕೆಲಸ ಮಾಡತೊಡಗಿತು.

ಇದು ಬರೀ ಊಹೆಯಲ್ಲವೆಂದು ತೋರಿಸಲು ನಾನು ಕ್ಲೈಂಟ್‌ನ ಲೀಸನ್ನು 20 ಸೆಕೆಂಡಿಗೆ ಇಳಿಸಿ, ಒಂದು ನಿಮಿಷ ನೆಟ್‌ವರ್ಕ್ ತಡೆದು, ಜಾವಾದ ‘ಜೆಸಿಎಂಡಿ’ ಉಪಕರಣದಿಂದ ಜಿಸಿ ಓಡಿಸಿದೆ. ದಿನಗಟ್ಟಲೆ ಕಾದರೆ ಒಮ್ಮೆ ಕಾಣಿಸಿಕೊಳ್ಳುತ್ತಿದ್ದ ದೋಷವನ್ನು ಎರಡು ನಿಮಿಷಗಳಲ್ಲಿ, ಬೇಕೆಂದಾಗಲೆಲ್ಲ, ಎಲ್ಲರ ಕಣ್ಣೆದುರಿಗೇ ತಂದು ನಿಲ್ಲಿಸಿದ್ದು ನನಗೆ ಇಂದಿಗೂ ಹೆಮ್ಮೆಯ ವಿಷಯ. ವಾದ ತಿರುಗಿದ್ದು ಅಲ್ಲಿಂದಲೇ.

ಆದರೆ ಅರ್ಧ ಸಮಸ್ಯೆ ಸರ್ವರ್‌ನಲ್ಲೇ ಇತ್ತು. ಒಮ್ಮೆ ರಿಮೋಟ್ ಎಕ್ಸೆಪ್ಷನ್ (ದೂರದ ಕರೆ ವಿಫಲವಾದ ಸೂಚನೆ) ಬಂದರೆ ಸಾಕು, ಸರ್ವರ್ ಲಿಸನರನ್ನು ಪಟ್ಟಿಯಿಂದ ಕಿತ್ತುಹಾಕುತ್ತಿತ್ತು, ಕ್ಲೈಂಟ್‌ಗೆ ಅದರ ಸುಳಿವೇ ಇರುತ್ತಿರಲಿಲ್ಲ. ಜಾವಾದ ಹಳೆಯ ವಿತರಿತ ವ್ಯವಸ್ಥೆಯಾದ ಜೀನಿಯಲ್ಲಿದ್ದ ಲೀಸ್ ನವೀಕರಣದ ಪದ್ಧತಿಯನ್ನು ನೆನಪಿಸಿಕೊಂಡು ಅಪ್ಲಿಕೇಷನ್ ಮಟ್ಟದಲ್ಲೇ ಒಂದು ಲೀಸ್ ಬರೆದೆ: ಕ್ಲೈಂಟ್ 30 ಸೆಕೆಂಡಿಗೊಮ್ಮೆ ನವೀಕರಿಸುತ್ತದೆ, ಸರ್ವರ್ 90 ಸೆಕೆಂಡ್ ಕಾಯುತ್ತದೆ, ‘ನಿನ್ನನ್ನು ಗುರುತಿಸಲಾರೆ’ ಎಂಬ ಉತ್ತರ ಬಂದರೆ ಕ್ಲೈಂಟ್ ತಾನೇ ಮರುನೋಂದಣಿ ಮಾಡಿಕೊಳ್ಳುತ್ತದೆ. ಮರುಚಾಲನೆಯಾದ ಕ್ಲೈಂಟ್‌ನ ಸ್ಟಬ್ ಹೊಸದಾಗಿರುವುದರಿಂದ ಸೆಟ್‌ನಲ್ಲಿ ಇಟ್ಟರೆ ಹಳೆಯದೂ ಉಳಿಯುತ್ತದೆ. ಕ್ಲೈಂಟ್‌ನ ಗುರುತಿನ ಸಂಖ್ಯೆಯನ್ನೇ ಕೀ ಮಾಡಿದ ಮ್ಯಾಪ್ ಬಳಸಬೇಕು. ಪ್ರತಿ ಇವೆಂಟ್‌ಗೂ ಕ್ರಮಸಂಖ್ಯೆ ಇದ್ದು, ನಡುವೆ ಒಂದು ತಪ್ಪಿದರೆ ಕ್ಲೈಂಟ್ ಪೂರ್ತಿ ಸ್ಥಿತಿಯನ್ನು ಮತ್ತೆ ತರಿಸಿಕೊಳ್ಳುತ್ತದೆ. ಸರ್ವರ್ ಮರುಚಾಲನೆಯಾದಾಗ ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೆ ಮುಗಿಬೀಳದಂತೆ ಸಮಯ ಹಂಚುವ ಲೆಕ್ಕವೊಂದನ್ನು ಕಂಡುಕೊಂಡಿದ್ದೇನೆ. ಅದನ್ನು ಸದ್ಯ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

‘ಸನ್.ಆರ್‌ಎಂಐ.ಟ್ರಾನ್ಸ್‌ಪೋರ್ಟ್.ಟಿಸಿಪಿ.ರೆಸ್ಪಾನ್ಸ್‌ಟೈಮ್‌ಔಟ್’ ಹೊಂದಿಸದಿದ್ದರೆ ಅದರ ಬೆಲೆ ಸೊನ್ನೆ, ಅಂದರೆ ಕರೆ ಮಾಡಿದ ಸರ್ವರ್ ಉತ್ತರಕ್ಕಾಗಿ ಎಷ್ಟು ಹೊತ್ತಾದರೂ ಕಾಯುತ್ತದೆ. ಸ್ಲೀಪ್‌ಗೆ ಹೋದ ಒಂದು ಲ್ಯಾಪ್‌ಟಾಪ್ ಈ ಕಾರಣದಿಂದ ಉಳಿದವರೆಲ್ಲರ ಇವೆಂಟ್‌ಗಳನ್ನು ತಡೆದು ನಿಲ್ಲಿಸಿತ್ತು. ಈಗ ಅದನ್ನು 5 ಸೆಕೆಂಡಿಗೆ ಇಟ್ಟಿದ್ದೇನೆ, ಪ್ರತಿ ಲಿಸನರ್‌ಗೂ ಬೇರೆ ಕ್ಯೂ ಕೊಟ್ಟಿದ್ದೇನೆ.

ನಡುವೆ ಕಾಲ್‌ಬ್ಯಾಕ್ ಇಲ್ಲದೆಯೇ ಕ್ಲೈಂಟ್ 2 ಸೆಕೆಂಡಿಗೊಮ್ಮೆ ತಾನೇ ಕೇಳುವ ವಿಧಾನವನ್ನೂ ಪ್ರಯತ್ನಿಸಿದೆ. ಸರ್ವರ್‌ನ ಹೊರೆ ಹೆಚ್ಚುಕಡಿಮೆ ಮೂರು ಪಟ್ಟಾದ್ದರಿಂದ ಎಲ್ಲರಿಗೂ ಅದು ಹೊಂದಲಿಲ್ಲ. ಆದರೆ ನ್ಯಾಟ್‌ನ (ಒಳಜಾಲದ ವಿಳಾಸಗಳನ್ನು ಹೊರಗೆ ಬೇರೆ ವಿಳಾಸವಾಗಿ ತೋರಿಸುವ ವ್ಯವಸ್ಥೆ) ಹಿಂದಿರುವ ಕ್ಲೈಂಟ್‌ಗಳ ಸ್ಟಬ್‌ನಲ್ಲಿ ಒಳಗಿನ ವಿಳಾಸವೇ ಇರುವುದರಿಂದ ಸರ್ವರ್ ಅವುಗಳನ್ನು ತಲುಪಲಾರದು, ಅಂಥ ಏಳೆಂಟು ಕ್ಲೈಂಟ್‌ಗಳು ಇಂದಿಗೂ ಈ ವಿಧಾನದಲ್ಲೇ ನಡೆಯುತ್ತಿವೆ.