ಬೊಡ್ಡೆ ಕೀಳಬೇಕಾ? ಮರವನ್ನು ಬುಡಕ್ಕೇ ಕಡಿಯಬೇಡಿ

ಮರ ಕಡಿಯುವಾಗ 3-4 ಅಡಿ ಮೋಟು ಬಿಡಿ. ಸರಪಳಿಯನ್ನು ಅದರ ಮೇಲ್ಭಾಗಕ್ಕೆ ಬಿಗಿದರೆ, ಹಾರೆಯಿಂದ ಮೀಟಿದ ಹಾಗೆ, ಸಣ್ಣ ಟ್ರ್ಯಾಕ್ಟರಿಗೂ ಬಲ ಸಿಗುತ್ತದೆ. ಮೊದಲು ಸುತ್ತ ಅಗೆದು, ಬೇರಿನ ಮಣ್ಣು ತೊಳೆದು, ಆಮೇಲೆ ಕೊಡಲಿ ಹಾಕಿ. ಮಣ್ಣು, ಕಲ್ಲು ತಾಗಿದರೆ ಕೊಡಲಿ ಸುಮ್ನೆ ಮೊಂಡಾಗುತ್ತದೆ. ನಾನು ಎಷ್ಟು ಸಲ ಮಸೆದಿದ್ದೇನೋ! ಪಕ್ಕದ ಬೇರುಗಳು ತುಂಡಾದ ಮೇಲೇ ಎಳೆಯಿರಿ.

ಟ್ರ್ಯಾಕ್ಟರಿನ ಕಡೆ ಮಾತ್ರ ಸರಪಳಿ ಕೆಳಗಿನ ಡ್ರಾಬಾರ್‌ಗೇ (ಹಿಂದೆ ಎಳೆಯುವ ಸಾಮಾನು ಸಿಕ್ಕಿಸುವ ಕಬ್ಬಿಣದ ಪಟ್ಟಿ) ಇರಲಿ. ಹಿಂದಿನ ಆಕ್ಸಲ್‌ಗಿಂತ ಮೇಲೆ ಕಟ್ಟಿದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚಬಹುದು. ಸರಪಳಿ ಉದ್ದವೂ ಇರಲಿ, ಬೊಡ್ಡೆ ನಿಮ್ಮ ಕಡೆಗೇ ಬೀಳುವುದು ಅಲ್ವಾ? ಹತ್ತಿರ ಯಾರೂ ನಿಲ್ಲಬಾರದು. ನಿಧಾನದ ಗೇರಿನಲ್ಲಿ, ಜರ್ಕ್ ಕೊಡದೆ ಎಳೆಯಿರಿ. ಅಲ್ಲಾಡದಿದ್ದರೆ ಆಕ್ಸಿಲರೇಟರ್ ಜಾಸ್ತಿ ಮಾಡಬೇಡಿ. ಕೆಳಗೆ ಇನ್ನೊಂದು ಬೇರಿದೆ, ಇಳಿದು ಮತ್ತೆ ಗುದ್ದಲಿ ಹಿಡಿಯಿರಿ.