ಟೆಂಟ್‌ನೊಳಗಿನ ಹಾಸಿಗೆ: ಒತ್ತಿ ನೋಡಬೇಡಿ, ಮಲಗಿ ನೋಡಿ

ಸ್ಲೀಪಿಂಗ್ ಪ್ಯಾಡ್, ಅಂದರೆ ಟೆಂಟ್‌ನಲ್ಲಿ ಗಾಳಿ ತುಂಬಿ ನೆಲಕ್ಕೆ ಹಾಸುವ ಹಾಸಿಗೆ, ಕೊಳ್ಳಲು ಬಂದವರು ಹೆಬ್ಬೆರಳಲ್ಲಿ ಒತ್ತುತ್ತಾರೆ, ‘ಮೆತ್ತಗಿದೆ’ ಅಂತ ತಲೆಯಾಡಿಸುತ್ತಾರೆ, ಬಿಲ್ ಮಾಡಿಸುತ್ತಾರೆ. ಟೆಂಟ್‌ನಲ್ಲಿ ಮೊದಲ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಸೊಂಟ ಉಜ್ಜಿಕೊಳ್ಳುತ್ತಾರೆ. ನಾನೂ ಹಾಗೆ ಉಜ್ಜಿಕೊಂಡವರಲ್ಲಿ ಒಬ್ಬ.

1. ಹೇಗೆ ಮಲಗುತ್ತೀರಿ ಅಂತ ಗಮನಿಸಿ. ಅಂಗಾತ ಮಲಗುವವರಿಗೆ 5 ಸೆಂ.ಮೀ. ದಪ್ಪ ಸಾಕು. ಮಗ್ಗುಲಾಗಿ ಮಲಗುವವರು 7–8 ಸೆಂ.ಮೀ.ಗಿಂತ ಕಡಿಮೆಯದನ್ನು ಮುಟ್ಟಲೇಬೇಡಿ.

2. ಚಳಿಯ ಲೆಕ್ಕ ಹಾಕಿ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇರಲಿ, ಮೈ ಭಾರಕ್ಕೆ ಅದರ ಕೆಳಭಾಗ ಚಪ್ಪಟೆಯಾಗುತ್ತದೆ. ಆಮೇಲೆ ನೆಲದ ತಂಡಿ ತಡೆಯುವುದು ಪ್ಯಾಡ್ ಮಾತ್ರ. ಆ ತಾಕತ್ತಿನ ಅಳತೆಯೇ ಆರ್-ವ್ಯಾಲ್ಯೂ. ಬೇಸಿಗೆಗೆ 2 ಸಾಕು, ಚಳಿ ರಾತ್ರಿಗೆ 3–4 ಬೇಕು, ಹಿಮದ ಮೇಲಾದರೆ 5ಕ್ಕಿಂತ ಜಾಸ್ತಿ. ಇದನ್ನು ಅಳೆಯಲು ಎಎಸ್‌ಟಿಎಂ ಅನ್ನುವ ಮಾನಕ ಸಂಸ್ಥೆಯ ಮಾನದಂಡ ಬಂದಿದ್ದು 2018ರಲ್ಲಿ. ಅದಕ್ಕೂ ಹಳೆಯ ಪ್ಯಾಡ್ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಅದರ ಮೇಲೆ ಬರೆದಿರುವ ಸಂಖ್ಯೆ ನಂಬಬೇಡಿ. ದಪ್ಪ ಇದ್ದರೆ ಬೆಚ್ಚಗಿರುತ್ತದೆ ಅನ್ನುವುದೂ ಸುಳ್ಳು. ಒಳಗೆ ಬರೀ ಗಾಳಿ ಇರುವ ಹಾಸಿಗೆ 10 ಸೆಂ.ಮೀ. ಎತ್ತರ ಇದ್ದರೂ ಬೆನ್ನು ಕೊರೆಯುತ್ತದೆ. ಈಜುಕೊಳದಲ್ಲಿ ತೇಲಿಬಿಡುವ ಹಾಸಿಗೆ ತಂದು ನಡುಗಿದವರನ್ನು ನೋಡಿದ್ದೇನೆ.

3. ಈಗ ಮಲಗಿ. ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯವರು ಕಲ್ಲಿನ ಹಾಗೆ ಗಾಳಿ ತುಂಬಿಸಿಟ್ಟಿರುತ್ತಾರೆ. ಅದರ ಮೇಲೆ ಮಲಗಿದರೆ ಯಾವ ಪ್ಯಾಡೂ ಹಲಗೆಯೇ. ನಾಚಿಕೆ ಬಿಟ್ಟು ಮಗ್ಗುಲಾಗಿ ಮಲಗಿ. ವಾಲ್ವ್ ಕೈಗೆಟುಕುವಂತಿರಲಿ. ಸ್ವಲ್ಪ ಸ್ವಲ್ಪವೇ ಗಾಳಿ ಬಿಡಿ. ಸೊಂಟ ನಿಧಾನವಾಗಿ ಇಳಿಯುತ್ತದೆ, ಭುಜದ ಬಿಗಿ ಸಡಿಲವಾಗುತ್ತದೆ. ಸೊಂಟ ನೆಲಕ್ಕೆ ತಾಗಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಎರಡು ಉಸಿರು ಗಾಳಿ ವಾಪಸ್ ತುಂಬಿ. ಅದೇ ನಿಮ್ಮ ಹದ. ಈ ಹದದಲ್ಲಿ ಹತ್ತು ನಿಮಿಷ ಇರಿ, ಎರಡು ಸಲ ಹೊರಳಿ. ಅಂಚಿಗೆ ಬಂದಾಗ ಜಾರಿದರೆ, ಪ್ರತಿ ಹೊರಳಿಗೂ ಚಿಪ್ಸ್ ಪೊಟ್ಟಣದ ಹಾಗೆ ಚರಚರ ಅಂದರೆ, ಬೇರೆಯದು ನೋಡಿ. ಮೊಣಕೈ ಹೊರಗೆ ಬಿದ್ದರೆ 50 ಸೆಂ.ಮೀ. ಬದಲು 63ರದ್ದು ಕೊಳ್ಳಿ. ಒಂದಿಷ್ಟು ತೂಕ ಜಾಸ್ತಿ, ಇರಲಿ ಬಿಡಿ.

ಟೆಂಟ್‌ನಲ್ಲೂ ಇದೇ ಹದ. ಆದರೆ ಸಂಜೆ ತುಂಬಿಸಿದ ಗಾಳಿ ರಾತ್ರಿಯ ತಂಡಿಗೆ ಕುಗ್ಗುತ್ತದೆ. ಪ್ಯಾಡ್ ತೂತಾಯಿತು ಅಂತ ಗಾಬರಿ ಬೀಳಬೇಡಿ, ಮಲಗುವ ಮುಂಚೆ ಮತ್ತೆರಡು ಉಸಿರು ಊದಿ. ಊದುವ ಬದಲು ಗಾಳಿ ತುಂಬಿಸುವ ಪಂಪ್ ಚೀಲ ಇದ್ದರೆ ಇನ್ನೂ ಒಳ್ಳೆಯದು, ಬಾಯಿಯ ತೇವ ಒಳಗೆ ಹೋಗಿ ಬೂಸ್ಟು ಹಿಡಿಯುವುದಿಲ್ಲ.

4. ಮಡಚುವ ಫೋಮ್ ಮ್ಯಾಟ್ ಒಂದು ಇಟ್ಟುಕೊಳ್ಳಿ. ಗಾಳಿ ಪ್ಯಾಡ್‌ನ ಕೆಳಗೆ ಹಾಸಿದರೆ ಎರಡರ ಆರ್-ವ್ಯಾಲ್ಯೂ ಕೂಡುತ್ತದೆ: 2 ಮತ್ತು 3 ಸೇರಿ 5. ಮುಳ್ಳಿಗೂ ಅದೇ ಅಡ್ಡ. ಯೋಗ ಮ್ಯಾಟ್ ಸಾಕು ಅನ್ನುವವರ ಮಾತು ಸುಮ್ನೆ ಕೇಳಿ ಬಿಟ್ಟುಬಿಡಿ.

ಮನೆಗೆ ಬಂದ ಮೇಲೆ, ತಾನಾಗೇ ಉಬ್ಬುವ ಪ್ಯಾಡನ್ನು ಸುತ್ತಿ ಕಟ್ಟಬೇಡಿ. ಒಳಗಿನ ಫೋಮ್ ಮತ್ತೆ ಏಳುವುದನ್ನೇ ಮರೆಯುತ್ತದೆ. ವಾಲ್ವ್ ತೆರೆದು ಮಂಚದ ಕೆಳಗೆ ಹರಡಿಡಿ.