ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ವಿಶೇಷ ಶಿಕ್ಷಣ ಕೇಳುವುದು ಹೇಗೆ

ಟೀಚರ್ ಹತ್ತಿರ ಬಾಯಿಮಾತಲ್ಲಿ ಹೇಳಿ ಸುಮ್ನೆ ಕಾಯಬೇಡಿ. ಮಗುವಿಗೆ ವಿಶೇಷ ಶಿಕ್ಷಣ ಬೇಕೇ ಎಂದು ಪರೀಕ್ಷಿಸಿ ಅಂತ ಎರಡೇ ಸಾಲು ಬರೆದು, ತಾರೀಖು ಹಾಕಿ ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿ. ಐಡಿಯಾ ಎಂಬ ಕೇಂದ್ರ ಕಾನೂನಿನ ಪ್ರಕಾರ ನೀವು ಒಪ್ಪಿಗೆಗೆ ಸಹಿ ಹಾಕಿದ 60 ದಿನದೊಳಗೆ ಪರೀಕ್ಷೆ ಮುಗಿಯಬೇಕು, ಕೆಲವು ರಾಜ್ಯಗಳ ಲೆಕ್ಕ ಬೇರೆ. ಖರ್ಚು ಶಾಲೆಯದೇ.

ಡಾಕ್ಟರ್ ಆಟಿಸಂ ಎಂದು ಬರೆದುಕೊಟ್ಟರೆ ಸಾಕು ಅಂದುಕೊಳ್ಳುತ್ತೇವೆ, ಅಲ್ವಾ? ಸಾಲದು. ಕಾನೂನು ಹೇಳುವ 13 ಬಗೆಯ ಅಂಗವೈಕಲ್ಯಗಳಲ್ಲಿ ಒಂದಕ್ಕೆ ಮಗು ಸೇರಬೇಕು, ಅದರಿಂದ ಓದಿಗೆ ತೊಂದರೆಯಾಗಿ ವಿಶೇಷ ಪಾಠವೂ ಬೇಕಾಗಿರಬೇಕು.

ಮನೆಯಲ್ಲಿ ಕನ್ನಡವೇ ಜಾಸ್ತಿ ಆಡುವ ಮಗುವಾದರೆ ಮೊದಲೇ ಹೇಳಿ. "ಲೋಟ ತಗೊಂಡು ಬಾ" ಅಂದರೆ ಅಡುಗೆಮನೆಗೆ ಓಡುವ ಮಗು ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಾಗ ಮಿಕಮಿಕ ನೋಡಿದರೆ ಅದು ಭಾಷೆಯ ವಿಷಯ, ಅದೊಂದೇ ಕಾರಣಕ್ಕೆ ಅಂಗವೈಕಲ್ಯ ಎಂದು ತೀರ್ಮಾನಿಸುವಂತಿಲ್ಲ. ಸಭೆಗೆ ದುಭಾಷಿಯನ್ನೂ ಕೇಳಿ.

ಅರ್ಹತೆ ಸಿಕ್ಕರೆ 30 ದಿನದೊಳಗೆ ಐಇಪಿ, ಅಂದರೆ ನಿಮ್ಮ ಮಗುವಿಗೆಂದೇ ಬರೆಯುವ ವಿಶೇಷ ಶಿಕ್ಷಣದ ಯೋಜನೆಯ ಸಭೆ. ಬರೀ "ಸ್ಪೀಚ್ ಥೆರಪಿ ಕೊಡುತ್ತೇವೆ" ಅಂದರೆ ಒಪ್ಪಬೇಡಿ, ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ ಎಂದು ಬರೆಸಿ. ಅಲ್ಲೇ ಸಹಿ ಹಾಕಬೇಕಿಲ್ಲ, ಮನೆಗೆ ತಂದು ನಿಧಾನವಾಗಿ ಓದಿ. ಅರ್ಹತೆ ಇಲ್ಲ ಎಂದರೆ ಕಾರಣವನ್ನು ಬರಹದಲ್ಲೇ ಕೇಳಿ, 504 ಯೋಜನೆ (ಅಂಗವೈಕಲ್ಯವಿರುವ ಮಗುವಿಗೆ ಸಾಮಾನ್ಯ ತರಗತಿಯಲ್ಲೇ ಮಾಡಿಕೊಡುವ ಅನುಕೂಲಗಳು) ಸಿಗುತ್ತದೆಯೇ ಎಂದೂ ವಿಚಾರಿಸಿ.